ತೊಂಬತ್ತು ಕೆಜಿ ಯಂತ್ರ, ಒಂದೂವರೆ ಕೆಜಿ ಮಗು

ಎರಡು ಹಳೆಯ ಇನ್‌ಕ್ಯುಬೇಟರ್‌ಗಳನ್ನು ಗುಜರಿಗೆ ಹಾಕಬೇಕೆಂದು ಪಟ್ಟಿ ಬಂದಾಗ, ಬೇಡ ಎಂದು ಹಟ ಹಿಡಿದವನು ನಾನೇ. ಸ್ವೀಡನ್ನಿನ ಉತ್ತರದ ಉಮೆಯೊ ನಗರದಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ನಮ್ಮ ಊರಿನ ಆಸ್ಪತ್ರೆಯಲ್ಲಿ ವೈದ್ಯಕೀಯ ಯಂತ್ರಗಳ ರಿಪೇರಿ ನನ್ನ ಕೆಲಸ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಆ ಗಾಜಿನಂಥ ಪೆಟ್ಟಿಗೆಗಳನ್ನು ಹನ್ನೆರಡು ವರ್ಷದಿಂದ ಬಿಚ್ಚಿ ಜೋಡಿಸುತ್ತಿದ್ದೇನೆ. ಅವುಗಳ ಫ್ಯಾನಿನ ಸದ್ದು ಕೇಳಿಯೇ ಕಾಯಿಲೆ ಏನೆಂದು ಹೇಳಬಲ್ಲೆ ಎಂಬ ಜಂಬವೂ ನನಗಿತ್ತು.

ನಮ್ಮ ಊರಿನಲ್ಲಿ ಒಂದು ಸ್ವಯಂಸೇವಕರ ಗುಂಪಿದೆ. ಹೆಚ್ಚಿನವರು ನಿವೃತ್ತ ನರ್ಸುಗಳು. ತಿಂಗಳಿಗೊಮ್ಮೆ ಕೊಮ್ಮುನಿನ, ಅಂದರೆ ಊರಾಡಳಿತದ, ಸಭಾಂಗಣದಲ್ಲಿ ಫೀಕಾ ಎಂಬ ಕಾಫಿಕೂಟಕ್ಕೆ ಸೇರಿ, ಕಾಫಿ ಕುಡಿದು ಬನ್ನು ತಿನ್ನುತ್ತ, ಭೂಮಧ್ಯರೇಖೆಯ ಹತ್ತಿರದ ಒಂದು ದ್ವೀಪದ ಆಸ್ಪತ್ರೆಗೆ ಏನೇನು ಕಳಿಸಬೇಕೆಂದು ಪಟ್ಟಿ ಮಾಡುತ್ತಾರೆ. ಗುಂಪಿನ ಹಿರಿಯೆ ನಲವತ್ತು ವರ್ಷ ಹೆರಿಗೆ ಮಾಡಿಸಿದ ಮಿಡ್‌ವೈಫ್. ಯಂತ್ರ ಕಳಿಸುವುದು ಸುಲಭ, ಅಲ್ಲಿ ಅದು ನಿಂತುಹೋದರೆ ಎಬ್ಬಿಸುವವರು ಯಾರು ಎಂದು ಅವರು ನನ್ನನ್ನೇ ನೋಡಿದರು. ಮೂರು ವಾರದ ರಜೆಗೆ ಅರ್ಜಿ ಕೊಟ್ಟೆ.

ನೆಲಮಾಳಿಗೆಯ ವರ್ಕ್‌ಶಾಪಿನಲ್ಲಿ ಎರಡನ್ನೂ ಬಿಚ್ಚಿ, ಬೇರಿಂಗ್ ಬದಲಿಸಿ, ಹೊಸ ಫಿಲ್ಟರ್ ಹಾಕಿದೆ. ಒಳಗೆ ನಾಲ್ಕು ಮೂಲೆಗೂ ಮಧ್ಯಕ್ಕೂ ಒಂದೊಂದು ಥರ್ಮಾಮೀಟರ್ ಇಟ್ಟು ಎರಡು ದಿನ ಎಡೆಬಿಡದೆ ಓಡಿಸಿದೆ. ಮೂವತ್ತನಾಲ್ಕಕ್ಕೆ ಇಟ್ಟರೆ ಮೂವತ್ತನಾಲ್ಕೇ. ಪ್ರಮಾಣಪತ್ರಕ್ಕೆ ಸಹಿ ಹಾಕಿ ಯಂತ್ರದ ಬೆನ್ನಿಗೆ ಅಂಟಿಸಿದೆ. ಪರೀಕ್ಷೆಯ ವೇಳೆ ಕೋಣೆಯ ಉಷ್ಣತೆ ಎಷ್ಟಿತ್ತು ಎಂಬ ಕಾಲಂನಲ್ಲಿ ಇಪ್ಪತ್ತೊಂದು ಎಂದು ಬರೆದವನೂ ನಾನೇ. ಅದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ.

ಯಂತ್ರಗಳು ಹಡಗಿನಲ್ಲಿ ಮೂರು ತಿಂಗಳು ತೇಲಿದವು. ನಾವಿಬ್ಬರು, ಮಿಡ್‌ವೈಫ್ ಮತ್ತು ನಾನು, ಜನವರಿಯಲ್ಲಿ ಹಿಂದೆಯೇ ಹೋದೆವು. ಮನೆಯಿಂದ ಹೊರಟಾಗ ಮೈನಸ್ ಇಪ್ಪತ್ತೆರಡು, ಕೊನೆಯ ದೋಣಿಯಿಂದ ಇಳಿದಾಗ ಮೂವತ್ತೆರಡು. ಕನ್ನಡಕದ ತುಂಬ ಹಬೆ. ಹದಿನಾಲ್ಕು ಹಾಸಿಗೆಯ ತಗಡಿನ ಮಾಡಿನ ಆಸ್ಪತ್ರೆ, ಸುತ್ತ ವರಾಂಡ, ಒಬ್ಬ ಡಾಕ್ಟರ್. ಉಳಿದದ್ದೆಲ್ಲ ಮುಖ್ಯ ನರ್ಸಿನ ಕೈಯಲ್ಲಿ. ಐವತ್ತೈದರ ಆಸುಪಾಸಿನ ಹೆಂಗಸು, ಅದೇ ಊರಿನವರು. ದ್ವೀಪದ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದ್ದರಂತೆ, ಹಾಗಾಗಿ ಯಾರಿಗೂ ಅವರು ಹೆದರುವ ಪ್ರಶ್ನೆಯೇ ಇರಲಿಲ್ಲ.

ಮೊದಲ ವಾರ ಪೂರ್ತಿ ರಿಪೇರಿಗೇ ಹೋಯಿತು. ಹಡಗಿನಲ್ಲಿ ಮಗುಚಿದ್ದೋ ಏನೋ, ಒಂದು ಯಂತ್ರದ ಮೇಲ್ಮುಚ್ಚಳ ಉದ್ದಕ್ಕೂ ಸೀಳಿತ್ತು. ಅದನ್ನು ಬಿಡಿಭಾಗಗಳ ಲೆಕ್ಕಕ್ಕೆ ಬಿಟ್ಟೆ. ಇನ್ನೊಂದು ಚಾಲೂ ಆಯಿತು, ಆದರೆ ಹೀಟರ್ ಮಾತ್ರ ಒಂದೇ ಸಮನೆ ಟಕಟಕ ಎನ್ನುತ್ತಿತ್ತು. ಬಿಚ್ಚಿ ನೋಡಿದರೆ ಹೀಟರಿಗೆ ಕರೆಂಟು ಬಿಟ್ಟು ನಿಲ್ಲಿಸುವ ರಿಲೇಯ ಒಳಗೆ ಇರುವೆಗಳ ಸಂಸಾರ. ಕರೆಂಟು ಹರಿಯುವ ಕಡೆ ಅವಕ್ಕೇನು ಸುಖವೋ, ನೂರಾರು ಸುಟ್ಟು ಕರಕಲಾಗಿ ಅಂಟಿಕೊಂಡಿದ್ದವು. ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಯಂತ್ರದ ನಾಲ್ಕೂ ಕಾಲನ್ನು ನೀರು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿದೆ. ನಾನು ಹುಟ್ಟಿದ ಊರಿನಲ್ಲಿ ಅಜ್ಜಿ ತಿಂಡಿಯ ಕಪಾಟಿಗೆ ಮಾಡುತ್ತಿದ್ದ ಉಪಾಯವದು, ಯಾವ ಕೈಪಿಡಿಯಲ್ಲೂ ಇಲ್ಲ. ಮಿಡ್‌ವೈಫ್ ಅದರ ಫೋಟೊ ತೆಗೆದು ಊರಿನ ಗುಂಪಿಗೆ ಕಳಿಸಿದರು. ವೋಲ್ಟೇಜು ಕುಣಿಯುತ್ತಿದ್ದುದಕ್ಕೆ ಸ್ಟೆಬಿಲೈಜರ್ ಹುಡುಕಿ ತಂದೆ. ಒಂದು ಬೆಳಗ್ಗೆ ಕೊನೆಗೂ ಯಂತ್ರ ಮೆಲ್ಲಗೆ ಗುನುಗತೊಡಗಿತು. ಮುಖ್ಯ ನರ್ಸ್ ಬಂದು ನೋಡಿ, ಚೆನ್ನಾಗಿದೆ ಎಂದಷ್ಟೇ ಹೇಳಿ ಹೋದರು. ಇನ್ನೂ ಒಂದೆರಡು ಮಾತು ಬರಬಹುದೆಂದು ಕಾದಿದ್ದೆ.

ಅವರ ವರಾಂಡದಲ್ಲಿ ಬೇರೆಯದೇ ಏರ್ಪಾಡಿತ್ತು. ಉದ್ದನೆಯ ಬೆಂಚು, ಗೋಡೆಗೆ ದಿಂಬು. ಅದರ ಮೇಲೆ ಇಬ್ಬರು ತಾಯಂದಿರು ಸಣ್ಣ ಮಕ್ಕಳನ್ನು ಬರಿಯ ಎದೆಗೆ ಹಚ್ಚಿ, ಹತ್ತಿಯ ಬಟ್ಟೆಯಿಂದ ಬಿಗಿಯಾಗಿ ಕಟ್ಟಿಕೊಂಡು ಕೂತಿರುತ್ತಿದ್ದರು. ಇಡೀ ದಿನ ಹಾಗೆಯೇ. ನಾನು ಅವರನ್ನು ದಾಟಿ ಹೋಗುವಾಗ, ಪಾಪ, ಯಂತ್ರವಿಲ್ಲದ್ದಕ್ಕೆ ತಾನೇ ಹೀಗೆ ಎಂದುಕೊಳ್ಳುತ್ತಿದ್ದೆ. ಸ್ವೀಡನ್ನಿನಲ್ಲಿ ಯಂತ್ರವಿದ್ದೂ ಹೀಗೇ ಮಾಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ವಿಷಯ ನನ್ನ ತಲೆಯಲ್ಲಿ ಬೇಕೆಂದೇ ಮುಚ್ಚಿಟ್ಟ ಒಂದು ಕೋಣೆಯಲ್ಲಿತ್ತು.

ಎರಡನೇ ವಾರದ ಶುರುವಿಗೆ ಒಬ್ಬಳು ಬಸುರಿಗೆ ರಕ್ತಸ್ರಾವವಾಗಿ, ಎರಡು ತಿಂಗಳು ಮೊದಲೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು ಮಗು, ಸಾವಿರದ ನಾನೂರ ಎಂಬತ್ತು ಗ್ರಾಂ. ತಾಯಿಗೆ ರಕ್ತ ನಿಲ್ಲಲಿಲ್ಲ. ದೊಡ್ಡ ದ್ವೀಪದ ಆಸ್ಪತ್ರೆಗೆ ದೋಣಿಯಲ್ಲಿ ಐದು ಗಂಟೆ. ಡಾಕ್ಟರ್ ತಾವೇ ಜೊತೆಗೆ ಹೊರಟರು, ತಾಯಿಯ ಅಕ್ಕನೂ ಹತ್ತಿದಳು. ಮಗುವನ್ನು ಕರೆದೊಯ್ಯುವ ಹಾಗಿರಲಿಲ್ಲ. ತೆರೆದ ದೋಣಿ, ಏಳುವ ಅಲೆ, ನೀರಿನ ಎರಚಲು. ದಡ ಸೇರುವ ಹೊತ್ತಿಗೆ ಮಗು ತಣ್ಣಗಾಗಿರುತ್ತಿತ್ತು. ಹಾಗೆ ಮಗು ನಮ್ಮ ಪಾಲಿಗೆ ಉಳಿಯಿತು. ಉಸಿರಾಟ ಪರವಾಗಿಲ್ಲ ಎನ್ನುವ ಹಾಗಿತ್ತು, ಹಾಲು ಹೀರುವ ಶಕ್ತಿ ಇರಲಿಲ್ಲ. ಇಂಥ ಮಗುವಿನ ಮೈ ತಾನಾಗಿ ಬಿಸಿ ಕಾಯ್ದುಕೊಳ್ಳಲಾರದು. ಅದನ್ನು ಮೂವತ್ತಾರೂವರೆ ಮತ್ತು ಮೂವತ್ತೇಳೂವರೆಯ ನಡುವೆ ಹಿಡಿದಿಟ್ಟರೆ ಬದುಕುತ್ತದೆ, ಇಲ್ಲದಿದ್ದರೆ ಇಲ್ಲ. ಎಲ್ಲರೂ ನನ್ನ ಯಂತ್ರದ ಕಡೆ ತಿರುಗಿದರು. ಸುಳ್ಳೇಕೆ, ನನಗೆ ಹೆಮ್ಮೆಯೆನಿಸಿತು.

ಮಗುವಿನ ಅಪ್ಪ ದೋಣಿಗಳ ಎಂಜಿನ್ ರಿಪೇರಿ ಮಾಡುವ ಮೆಕ್ಯಾನಿಕ್. ನಲವತ್ತರ ಹತ್ತಿರದ ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ. ಹೆಂಡತಿಯನ್ನು ಹೊತ್ತೊಯ್ಯುವ ದೋಣಿಯ ಎಂಜಿನನ್ನು ತಾನೇ ಇನ್ನೊಮ್ಮೆ ನೋಡಿ ಕಳಿಸಿ, ನೇರ ಬಂದು ಯಂತ್ರದ ಪಕ್ಕ ನೆಲದ ಮೇಲೆ ಕೂತ. ಮೊದಲ ಮಗುವಂತೆ. ಮದುವೆಯಾಗಿ ಹನ್ನೊಂದು ವರ್ಷ. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೇಳಿದ, ನಾನು ಹೇಳಿದೆ. ಹೀಟರ್, ಫ್ಯಾನು, ಮಗುವಿನ ಹೊಟ್ಟೆಗೆ ಅಂಟಿಸಿದ ಸೆನ್ಸರ್. ಒಬ್ಬ ಮೆಕ್ಯಾನಿಕ್ ಇನ್ನೊಬ್ಬನ ಮಾತು ಕೇಳುವ ರೀತಿಯಲ್ಲೇ ಕೇಳಿದ. ಮುಖ್ಯ ನರ್ಸ್ ಅವತ್ತೇ ಅವನಿಗೆ, ಶರ್ಟು ಬಿಚ್ಚಿ ಮಗುವನ್ನು ಎದೆಗೆ ಹಾಕಿಕೋ ಎಂದಿದ್ದರು. ಅವನು ಯಂತ್ರ ತೋರಿಸಿದ. ನರ್ಸ್ ನನ್ನ ಮುಖ ನೋಡಿದರು. ಯಂತ್ರ ಸರಿಯಾಗಿದೆ ಎಂದೆ.

ಮೊದಲ ದಿನ ಸರಿಯಾಗಿಯೇ ಇತ್ತು. ಮಳೆ ಬಂದು ಹವೆ ತಂಪಾಗಿತ್ತು.

ಎರಡನೇ ದಿನ ಬಿಸಿಲು ಬಿತ್ತು. ಹನ್ನೊಂದರ ಹೊತ್ತಿಗೆ ಕೋಣೆಯಲ್ಲಿ ಮೂವತ್ಮೂರು. ಯಂತ್ರದ ಅಲಾರಂ ಕೂಗಿತು. ನೋಡಿದರೆ ಹೀಟರ್ ಪೂರ್ತಿ ಬಂದಾಗಿದೆ, ಆದರೂ ಪೆಟ್ಟಿಗೆಯೊಳಗೆ ಮೂವತ್ತೇಳು ದಾಟಿದೆ, ಮಗುವಿನ ಮೈ ಮೂವತ್ತೆಂಟರ ಮೇಲೆ. ಸೆನ್ಸರ್ ಕೆಟ್ಟಿತೆಂದು ಬದಲಿಸಿದೆ. ಹೊಸದೂ ಅದನ್ನೇ ಹೇಳಿತು. ಆಗ ಬೆನ್ನಿಗಂಟಿಸಿದ ನನ್ನದೇ ಪ್ರಮಾಣಪತ್ರ ಓದಿದೆ, ಇಪ್ಪತ್ತೊಂದು ಎಂಬ ಅಂಕಿ ಕಣ್ಣಿಗೆ ರಾಚಿತು. ಈ ಯಂತ್ರಕ್ಕೆ ಬಿಸಿ ಮಾಡಲು ಬರುತ್ತದೆ, ತಣಿಸಲು ಬರುವುದಿಲ್ಲ. ಸುತ್ತಲಿನ ಗಾಳಿ ತನಗಿಂತ ಸಾಕಷ್ಟು ತಣ್ಣಗಿದ್ದರೆ ಮಾತ್ರ ಅದರ ಆಟ ನಡೆಯುತ್ತದೆ. ಕೋಣೆಯೇ ಬಿಸಿಯಾಗಿ, ಫ್ಯಾನಿನ ಮೋಟರಿನ ಬಿಸಿ, ಮಗುವಿನ ಮೈಬಿಸಿ ಎಲ್ಲ ಸೇರಿ, ಮೇಲೆ ಕಿಟಕಿಯ ಬಿಸಿಲೂ ಬಿದ್ದರೆ ಅದು ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರು. ವೃತ್ತಿಯಲ್ಲಿರುವ ಯಾರಿಗಾದರೂ ಹೊಳೆಯಬೇಕಾದ ವಿಷಯ. ಚಳಿಯ ಜೊತೆ ಹೋರಾಡುವುದೇ ಜೀವನವಾದ ಊರಿನಲ್ಲಿ ಇದ್ದೂ ಇದ್ದೂ ನನಗೆ ಹೊಳೆದಿರಲಿಲ್ಲ.

ಸುಮ್ಮನೆ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಯಂತ್ರವನ್ನು ನೆರಳಿನ ಮೂಲೆಗೆ ತಳ್ಳಿದೆವು, ಅಪ್ಪ ಒಬ್ಬನೇ ಅರ್ಧ ಭಾರ ಹೊತ್ತ. ಕೈ ತೂರಿಸುವ ಕಿಂಡಿಗಳನ್ನು ತೆರೆದಿಟ್ಟೆ. ಉಷ್ಣತೆ ಇಳಿಯಿತು. ಸಂಜೆ ಗುಡುಗಿ ಮಳೆ ಬಂದು ಕರೆಂಟು ಹೋಯಿತು, ಜನರೇಟರ್ ಎದ್ದೇಳಲು ಸತಾಯಿಸಿತು, ಅಷ್ಟರಲ್ಲಿ ಮಗು ಮೂವತ್ತೈದೂವರೆಗೆ ಇಳಿದು ಪಾದ ತಣ್ಣಗಾಗಿತ್ತು. ಮುಖ್ಯ ನರ್ಸ್ ಮಗುವಿಗೆ ಟೋಪಿ ಹಾಕಿ, ಎರಡು ಬಟ್ಟೆ ಸುತ್ತಿ, ವರಾಂಡದ ಒಬ್ಬ ತಾಯಿ ಹಿಂಡಿಕೊಟ್ಟ ಹಾಲನ್ನು ನಳಿಕೆಯಲ್ಲಿ ಇಳಿಸಿದರು. ಅವರು ಬೈದಿದ್ದರೆ ವಾಸಿಯಿತ್ತು.

ಅವತ್ತು ಸಂಜೆ ಮನೆಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗುತ್ತಿತ್ತು. ನನ್ನ ಹೆಂಡತಿ ಉಮೆಯೊದ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ, ಬಸ್ಸು ಹಿಡಿಯುವ ಗಡಿಬಿಡಿಯಲ್ಲಿದ್ದಳು. ನಾನು ಹೀಟರ್ ಬಗ್ಗೆ, ಗಾಳಿ ಒಳಬರುವ ಕಡೆ ಐಸ್ ಬಾಟಲಿ ಇಡುವ ಯೋಚನೆಯ ಬಗ್ಗೆ ಉದ್ದಕ್ಕೆ ಹೇಳಿದೆ.

"ಇಷ್ಟೊತ್ತೂ ಮೆಷಿನ್ ಬಗ್ಗೇನೇ ಹೇಳ್ತಿದ್ಯ," ಎಂದಳು. "ಆ ಮಗೂನ ಯಾರು ಎತ್ಕೊಂಡಿದ್ದಾರೆ?"

ಯಾರೂ ಇಲ್ಲ ಎಂದೆ. ಬಸ್ ಬಂತು, ಆಮೇಲೆ ಮಾತಾಡ್ತೀನಿ ಎಂದು ಇಟ್ಟಳು. ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತೆಂದು ನನಗೆ ಗೊತ್ತಿತ್ತು.

ಮೂರನೇ ದಿನ ಐಸ್ ಬಾಟಲಿಯ ಪ್ರಯೋಗವನ್ನೂ ಮಾಡಿದೆ. ಮೀನಿನ ದಕ್ಕೆಯಿಂದ ಅಪ್ಪನೇ ಐಸ್ ತಂದ. ಹತ್ತು ನಿಮಿಷ ಗೆದ್ದೆ ಎಂದುಕೊಂಡೆ. ಆಮೇಲೆ ಪೆಟ್ಟಿಗೆಯೊಳಗೆಲ್ಲ ನೀರಿನ ಹನಿ, ಉಷ್ಣತೆ ಒಮ್ಮೆ ಕುಸಿದು, ಐಸ್ ಕರಗಿದ್ದೇ ಮತ್ತೆ ಏರಿತು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಮಗುವಿನ ಮೈ ಮೂವತ್ತೆಂಟೂವರೆ. ನಾನು ಸ್ಕ್ರೂಡ್ರೈವರ್ ಹಿಡಿದು ಯಂತ್ರದ ಹಿಂದೆ ಮಂಡಿಯೂರಿದ್ದೆ. ಮಗು ಉಸಿರಾಡುತ್ತಿಲ್ಲ ಎಂದು ಅಪ್ಪ ಹೇಳಿದ. ಕೂಗಲಿಲ್ಲ, ಹೇಳಿದ ಅಷ್ಟೇ. ಮುಖ್ಯ ನರ್ಸ್ ಎರಡು ಹೆಜ್ಜೆಯಲ್ಲಿ ಬಂದು, ಕಿಂಡಿಯೊಳಗೆ ಕೈ ಹಾಕಿ ಅಂಗಾಲನ್ನು ಬೆರಳಿನಿಂದ ಚಿಮ್ಮಿದರು. ಒಮ್ಮೆ. ಇನ್ನೊಮ್ಮೆ. ಮೂರನೆಯ ಸಲಕ್ಕೆ ಮಗು ಬಿಕ್ಕಿ ಉಸಿರೆಳೆಯಿತು. ಆ ಮೂರು ಚಿಟಿಕೆಗಳ ನಡುವೆ ಎಷ್ಟು ಹೊತ್ತಾಗಿತ್ತೋ, ಯಂತ್ರದ ಗಡಿಯಾರ ನೋಡುವ ಧೈರ್ಯ ನನಗಿರಲಿಲ್ಲ.

ಇನ್ನು ಸಾಕು, ಎದೆಗೆ ಹಾಕಬೇಕು ಎಂದರು ನರ್ಸ್. ಯಾರ ಎದೆಗೆ? ಬೆಂಚಿನ ತಾಯಂದಿರ ಮೈಮೇಲೆ ಅವರವರ ಮಕ್ಕಳಿದ್ದವು. ಮಿಡ್‌ವೈಫಿಗೆ ಬಂದ ದಿನದಿಂದ ಕೆಮ್ಮು. ಉಳಿದವನು ಅಪ್ಪ. ಅವನು ಗೋಡೆಗೆ ಒತ್ತಿಕೊಂಡು ನಿಂತ.

"ನಮ್ಮಲ್ಲಿ ಹಾಗೆ ಮಾಡಲ್ಲ," ಎಂದ. "ತಾಯಿ ಹಾಸಿಗೆಯಿಂದ ಏಳೋವರೆಗೆ ಗಂಡಸರು ಮಗೂನ ಮೈಗೆ ಹಚ್ಚಿಕೊಳ್ಳಲ್ಲ. ಪದ್ಧತಿ ಅದು."

ಮಿಡ್‌ವೈಫ್ ನನ್ನನ್ನು ಪಕ್ಕಕ್ಕೆ ಕರೆದು, ಅವರ ಪದ್ಧತಿಯನ್ನು ನಾವು ಗೌರವಿಸಬೇಕು, ಬೇರೆ ದಾರಿ ಹುಡುಕೋಣ ಎಂದು ಸ್ವೀಡಿಷ್‌ನಲ್ಲಿ ಮೆತ್ತಗೆ ಹೇಳಿದರು. ಒಳ್ಳೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮುಖ್ಯ ನರ್ಸ್ ಮಾತ್ರ ಮಗುವಿನ ಮೇಲಿನ ಕಣ್ಣು ತೆಗೆಯದೆ, "ನಾನೂ ಇದೇ ಊರಲ್ಲಿ ಹುಟ್ಟಿದವಳು. ಇಂಥ ಪದ್ಧತಿ ಇವತ್ತೇ ಕೇಳ್ತಿರೋದು," ಎಂದರು.

ನನಗೆ ಆ ಪದ್ಧತಿ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಅದನ್ನು ನಾನೇ ಹುಟ್ಟುಹಾಕಿದ್ದೆ.

ನನ್ನ ಮಗಳೂ ತಿಂಗಳು ತುಂಬುವ ಮೊದಲೇ ಹುಟ್ಟಿದವಳು, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ. ಹೆಂಡತಿ ಎರಡು ದಿನ ತೀವ್ರ ನಿಗಾ ಘಟಕದಲ್ಲಿದ್ದಳು. ಮಗುವನ್ನು ಇಟ್ಟದ್ದು ಹಿಂದಿನ ತಿಂಗಳಷ್ಟೇ ನಾನೇ ಸರ್ವಿಸ್ ಮಾಡಿದ್ದ ಇನ್‌ಕ್ಯುಬೇಟರ್‌ನಲ್ಲಿ. ವಾರ್ಡಿನ ನರ್ಸ್ ಒರಗು ಕುರ್ಚಿ ತಂದಿಟ್ಟು, ಶರ್ಟು ಬಿಚ್ಚಿ ಕೂತುಕೊಳ್ಳಿ, ಮಗುವನ್ನು ಎದೆಯ ಮೇಲೆ ಮಲಗಿಸುತ್ತೇನೆ ಎಂದಳು. ಎದುರಿಗೆ ಇನ್ನೆರಡು ಕುಟುಂಬಗಳು, ಓಡಾಡುವವರೆಲ್ಲ ನನ್ನ ದಿನನಿತ್ಯದ ಸಹೋದ್ಯೋಗಿಗಳು. ನನಗೆ ನಾಚಿಕೆಯಾಯಿತು, ಅಷ್ಟೇ ಹೆದರಿಕೆಯೂ ಆಯಿತು. ಆದರೆ ಹೇಳಿದ್ದು ಬೇರೆ. ನಮ್ಮ ಕಡೆ ಪುರುಡು ಎಂದಿದೆ, ಹನ್ನೊಂದು ದಿನ ಕಳೆಯುವವರೆಗೆ ಅಪ್ಪ ಮಗುವನ್ನು ಮುಟ್ಟುವುದಿಲ್ಲ ಎಂದೆ. ನಮ್ಮ ಮನೆಯಲ್ಲಿ ಅದನ್ನು ಹಾಗೆ ಪಾಲಿಸಿದವರು ಯಾರೂ ಇಲ್ಲ. ನಾನು ಹುಟ್ಟಿದ ಗಂಟೆಯಲ್ಲೇ ನನ್ನ ಅಪ್ಪ ನನ್ನನ್ನು ಎತ್ತಿಕೊಂಡು ಆಸ್ಪತ್ರೆಯೆಲ್ಲ ಸುತ್ತಿದ್ದರಂತೆ. ಆದರೆ ಸ್ವೀಡನ್ನಿನಲ್ಲಿ ಸಂಸ್ಕೃತಿ ಎಂಬ ಮಾತು ಬಾಯಿಂದ ಬಿದ್ದರೆ ಮುಗಿಯಿತು, ಮರುಪ್ರಶ್ನೆಯಿಲ್ಲ. ನರ್ಸ್ ಕ್ಷಮೆ ಕೇಳಿ, ಸಾಂಸ್ಕೃತಿಕ ಕಾರಣಗಳಿಂದ ತಂದೆ ಮಗುವನ್ನು ಎತ್ತಿಕೊಳ್ಳುವುದಿಲ್ಲ ಎಂದು ದಾಖಲೆಯಲ್ಲಿ ಬರೆದಳು. ಹನ್ನೊಂದು ದಿನ ಕಳೆದ ಮೇಲೂ ಯಾವ ನರ್ಸೂ ಕೇಳಲಿಲ್ಲ. ಕುರ್ಚಿ ಅಲ್ಲೇ ಇತ್ತು. ಹತ್ತೊಂಬತ್ತು ದಿನ ನಾನು ಅದರಲ್ಲಿ ಶರ್ಟಿನ ಗುಂಡಿ ಹಾಕಿಕೊಂಡೇ ಕೂತು, ಯಂತ್ರದ ಅಂಕಿಗಳನ್ನು ಕಾದೆ.

ದ್ವೀಪದ ಆ ಮಗುವಿನ ಅಪ್ಪನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಇದನ್ನೆಲ್ಲ ಹೇಳಿದೆ. ಹೆಂಡತಿಯ ಹತ್ತಿರವೂ ಬಾಯಿಬಿಟ್ಟು ಹೇಳಿರದ ಮಾತು. ಅವನು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದ. ಚರ್ಮ ಅಲ್ಲಲ್ಲಿ ಒಡೆದು, ಗೆರೆಗಳಲ್ಲಿ ಎಣ್ಣೆಯ ಕಪ್ಪು ಕೂತಿತ್ತು.

"ಇದು ಎಂಜಿನ್ ಹಿಡಿಯೋ ಕೈ," ಎಂದ. "ಅವಳು ಇಷ್ಟೇ ಇಷ್ಟು ಇದ್ದಾಳೆ. ಏನಾದ್ರೂ ಆಗಿಬಿಟ್ರೆ ಅವಳಮ್ಮನಿಗೆ ನಾನು ಏನು ಹೇಳ್ಲಿ? ನಿಮ್ಮ ಮೆಷಿನ್ ಅಷ್ಟು ದೂರದಿಂದ ಬಂದಿದೆ."

"ಅದಕ್ಕೆ ಈ ಊರಿನ ಸೆಕೆ ಗೊತ್ತಿಲ್ಲ," ಎಂದೆ. "ನಾನು ಅದನ್ನ ಚಳಿಯಲ್ಲಿ ಪರೀಕ್ಷೆ ಮಾಡಿ ತಂದೆ. ತಪ್ಪು ನಂದು. ಮೂರು ದಿನದಿಂದ ನಿಮ್ಮ ಮಗಳನ್ನ ಕಾಯ್ತಾ ಇಲ್ಲ ನಾನು, ನನ್ನ ಮೆಷಿನ್ ಮಾನ ಕಾಯ್ತಾ ಇದೀನಿ."

ಒಳಗೆ ಹೋಗಿ ಸ್ವಿಚ್ ಆರಿಸಿದೆ. ಯಂತ್ರ ನಿಂತಾಗ ಕೋಣೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಮಗುವನ್ನು ಮುಖ್ಯ ನರ್ಸ್ ಕೈಗೆತ್ತಿಕೊಂಡಿದ್ದರು. ಅಪ್ಪ ಬಾಗಿಲಲ್ಲೇ ನಿಂತು, ನೀವು ಮೊದಲು ಮಾಡಿ ತೋರಿಸಿ ಎಂದ. ತಮಾಷೆಯಲ್ಲ, ಅವನು ಕೆಲಸ ಕಲಿತ ರೀತಿಯೇ ಅದು. ನೋಡದೆ ಅವನು ಯಾವ ನಟ್ಟನ್ನೂ ಮುಟ್ಟಿದವನಲ್ಲ.

ಹಾಗೆ ನಾನು ವರಾಂಡದಲ್ಲಿ ಎಲ್ಲರ ಎದುರು ಶರ್ಟು ಬಿಚ್ಚಿದೆ. ಒಂದೂವರೆ ಲೀಟರಿನ ನೀರಿನ ಬಾಟಲಿಗೆ ಟವೆಲು ಸುತ್ತಿ ನರ್ಸ್ ನನ್ನ ಎದೆಯ ಮೇಲಿಟ್ಟರು. ತೂಕ ಸರಿಸುಮಾರು ಒಂದೇ. ತಲೆ ಒಂದು ಪಕ್ಕಕ್ಕೆ, ಗದ್ದ ಎದೆಗೆ ಬಾಗದ ಹಾಗೆ ಸ್ವಲ್ಪ ಮೇಲಕ್ಕೆ, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಕೈಕಾಲು ಕಪ್ಪೆಯ ಹಾಗೆ ಮಡಚಿ, ಬಟ್ಟೆಯ ಮೇಲಂಚು ಕಿವಿಯ ಕೆಳಗೆ ಬರುವಂತೆ ಬಿಗಿದು ಬೆನ್ನ ಹಿಂದೆ ಗಂಟು. ಬಟ್ಟೆ ಜಾರಿ ಬಾಟಲಿ ಒಮ್ಮೆ ನನ್ನ ಹೊಟ್ಟೆಗೆ ಇಳಿಯಿತು. ಬೆಂಚಿನ ತಾಯಂದಿರಿಬ್ಬರೂ ಮುಖ ತಿರುಗಿಸಿ ನಕ್ಕರು. ಅಪ್ಪನೂ ನಕ್ಕ, ಮೂರು ದಿನದಲ್ಲಿ ಮೊದಲ ಸಲ. ಆಮೇಲೆ ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನ ಸಂದಿಗಳನ್ನೆಲ್ಲ ಉಜ್ಜಿ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಒರಗಿದ.

ಮಗುವನ್ನು ಎದೆಗಿಟ್ಟಾಗ ಅವನು ಉಸಿರು ಹಿಡಿದ. ನೀನು ಉಸಿರಾಡಿದರೆ ಅವಳಿಗೂ ನೆನಪಾಗುತ್ತದೆ ಎಂದು ನರ್ಸ್ ಗದರಿದರು. ಹದಿನೈದು ನಿಮಿಷಕ್ಕೆ ನೋಡಿದೆವು, ಮೂವತ್ತೆಂಟು. ಅರ್ಧ ಗಂಟೆಗೆ ಮೂವತ್ತೇಳೂವರೆ. ಒಂದು ಗಂಟೆಗೆ ಮೂವತ್ತೇಳು. ಅವನ ಬೆವರು ಅವಳನ್ನು ತಣಿಸಿತು, ಸಂಜೆ ಮಳೆಗೆ ಹವೆ ತಣ್ಣಗಾದಾಗ ಅವನ ಮೈ ಅವಳನ್ನು ಬೆಚ್ಚಗಿಟ್ಟಿತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ನಾನು ಅಭ್ಯಾಸಬಲದಿಂದ ಗಂಟೆಗೊಮ್ಮೆ ಅಂಕಿ ಬರೆದು ಗೆರೆ ಎಳೆದೆ. ಅಷ್ಟು ನೇರವಾದ ಗೆರೆಯನ್ನು ಅಲ್ಲಿ ನನ್ನ ಯಾವ ಯಂತ್ರವೂ ಎಳೆದಿರಲಿಲ್ಲ.

ಮಾರನೆಯ ದಿನದಿಂದ ತಾಯಿಯ ಹಾಲು ಬರತೊಡಗಿತು. ಅವಳಿಗೆ ರಕ್ತ ಕೊಟ್ಟು ಉಳಿಸಿಕೊಂಡಿದ್ದರು. ದೊಡ್ಡ ದ್ವೀಪದಿಂದ ಮಧ್ಯಾಹ್ನದ ದೋಣಿಯಲ್ಲಿ, ಮೀನು ಸಾಗಿಸುವ ಐಸ್ ಪೆಟ್ಟಿಗೆಯೊಳಗೆ, ಎರಡು ಸಣ್ಣ ಬಾಟಲಿ. ಅಪ್ಪ ಅಲ್ಲಾಡಲೇ ಒಪ್ಪುತ್ತಿರಲಿಲ್ಲ. ಊಟಕ್ಕೆ ಏಳಬೇಕೆಂದರೆ ಜಗಳ, ಬಚ್ಚಲಿಗೆ ಹೋಗಬೇಕೆಂದರೆ ಕೊನೆಯ ಗಳಿಗೆಯವರೆಗೆ ತಡೆದುಕೊಳ್ಳುತ್ತಿದ್ದ. ಐದನೇ ದಿನ ಕೂತಲ್ಲೇ ಅವನ ತಲೆ ವಾಲುತ್ತಿತ್ತು. ಹೀಗೆ ನಿದ್ದೆಗೆಟ್ಟರೆ ನೀನೇ ಬೀಳುತ್ತೀಯ, ಎರಡು ಗಂಟೆ ಮಲಗಿ ಬಾ ಎಂದು ನರ್ಸ್ ಹೇಳಿದರು. ಅವನು ನನ್ನ ಕಡೆ ನೋಡಿದ.

"ಇವರು ಹಿಡ್ಕೊಳ್ಳಲಿ," ಎಂದ. "ಬಾಟಲಿ ಚೆನ್ನಾಗಿ ಹಿಡ್ಕೊಂಡಿದ್ರು."

ನರ್ಸ್ ನನಗೆ ಕೆಮ್ಮು ಶೀತ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತೊಳೆಸಿ, ಒರೆಸಿ, ಕೂರಿಸಿದರು. ಮಗುವನ್ನು ಇಟ್ಟರು. ಏನು ಹೇಳಲಿ? ತೂಕವೇ ಇರಲಿಲ್ಲ, ಬರೀ ಬಿಸುಪು. ಒಂದು ಪುಟ್ಟ ಕಾಲು ನನ್ನ ಪಕ್ಕೆಲುಬನ್ನು ಒಮ್ಮೆ ಒದ್ದು ಸುಮ್ಮನಾಯಿತು. ಅವಳ ಉಸಿರು ವೇಗವಾಗಿ, ನಡುನಡುವೆ ಯೋಚಿಸುವ ಹಾಗೆ ತಡೆದು, ಮತ್ತೆ ಸಾಗುತ್ತಿತ್ತು. ಎಂಟು ಹತ್ತು ನಿಮಿಷದಲ್ಲಿ ನನ್ನ ಉಸಿರಿನ ಲಯಕ್ಕೆ ಅವಳು ಒಗ್ಗಿಕೊಂಡಳೋ, ಅವಳ ಲಯಕ್ಕೆ ನಾನೋ ತಿಳಿಯದು. ನನಗೆ ಅಳು ಬಂತು. ಮಗು ಅಲುಗಬಾರದೆಂದು ಅಳುವನ್ನೂ ಅಲುಗದೆ ಅತ್ತೆ. ಇಷ್ಟು ಸುಲಭವಿತ್ತೇ ಇದು, ಇದನ್ನೇ ನಾನು ಹತ್ತೊಂಬತ್ತು ದಿನ ಬೇಡ ಎಂದೆನೇ? ಮುಖ್ಯ ನರ್ಸ್ ನೋಡಿಯೂ ನೋಡದವರ ಹಾಗೆ ಥರ್ಮಾಮೀಟರ್ ಓದಿ, ಮೂವತ್ತಾರು ಪಾಯಿಂಟ್ ಒಂಬತ್ತು ಎಂದು ಬರೆದುಕೊಂಡು ಹೋದರು.

ಒಂಬತ್ತನೇ ದಿನ ತಾಯಿ ವಾಪಸು ಬಂದಳು, ಇಬ್ಬರು ಹಿಡಿದುಕೊಂಡು ದೋಣಿಯಿಂದ ಇಳಿಸಿದರು. ಅಪ್ಪ ಗಂಟು ಬಿಚ್ಚಿ ಮಗುವನ್ನು ಅವಳ ಎದೆಗೆ ದಾಟಿಸಿದ. ಅವಳು ಮಗುವಿನ ತಲೆ ಮೂಸಿ, ಇದಕ್ಕೆ ಡೀಸೆಲ್ ವಾಸನೆ ಬರುತ್ತಿದೆ ಎಂದಳಂತೆ. ನರ್ಸ್ ಅನುವಾದಿಸಿದರು. ಆ ಹೊತ್ತಿಗೆ ಮಗು ಹುಟ್ಟಿದ ತೂಕಕ್ಕೆ ಮರಳಿ, ಮೇಲೆ ಮೂವತ್ತು ಗ್ರಾಂ ಏರಿತ್ತು.

ಹೊರಡುವ ಮುಂಚೆ ಯಂತ್ರವನ್ನು ಏನು ಮಾಡುವುದೆಂದು ಕೇಳಿದೆ. ಇರಲಿ, ತಂಪು ದಿನಗಳಲ್ಲಿ, ಯಾರೂ ಇಲ್ಲದ ಮಗುವಿಗೆ ಬೇಕಾಗಬಹುದು ಎಂದರು ಮುಖ್ಯ ನರ್ಸ್. ಅಲ್ಲಿಯವರೆಗೆ ಮಳೆಗಾಲದಲ್ಲಿ ಒಣಗದ ಮಕ್ಕಳ ಟೋಪಿ, ಬಟ್ಟೆಗಳನ್ನು ಅದರೊಳಗೆ ಒಣಗಿಸುವ ಯೋಚನೆ ಅವರದ್ದು. ನಾನೇ ಅದನ್ನು ನಲವತ್ತಕ್ಕೆ ಇಟ್ಟು ಕೊಡಲು ನೋಡಿದೆ, ಯಂತ್ರ ಮೂವತ್ತೊಂಬತ್ತರ ಮೇಲೆ ಒಪ್ಪಲಿಲ್ಲ. ಸಾಕು ಎಂದರು. ಊರಿಗೆ ಬಂದು ಗುಂಪಿಗೆ ವರದಿ ಬರೆಯುವಾಗ, ಯಂತ್ರದಲ್ಲಿ ದೋಷವಿಲ್ಲ, ಪರೀಕ್ಷೆ ಮಾಡಿದವನಲ್ಲಿ ಇತ್ತು ಎಂದು ಬರೆದೆ. ಮುಂದಿನ ಕಂಟೇನರಿನಲ್ಲಿ ಇನ್‌ಕ್ಯುಬೇಟರ್ ಬೇಡ, ಒರಗು ಕುರ್ಚಿ ಆರು ಕಳಿಸೋಣ ಎಂದೆ. ಫೀಕಾದಲ್ಲಿ ಸ್ವಲ್ಪ ಚರ್ಚೆಯಾಗಿ ಒಪ್ಪಿಗೆಯಾಯಿತು. ಮಿಡ್‌ವೈಫ್ ನನ್ನ ಪಕ್ಕ ಕೂತು, ಪದ್ಧತಿ ಎಂದಾಗ ನಾನು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು ಎಂದರು. ನನ್ನನ್ನೂ ಯಾರಾದರೂ ಕೇಳಬೇಕಿತ್ತು ಎಂದೆ. ಆದರೆ ಅದು ಪೂರ್ತಿ ನಿಜವಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆ.

ಏಪ್ರಿಲ್‌ನಲ್ಲಿ, ಒಂದು ಶನಿವಾರ ಬೆಳಗ್ಗೆ, ಹೆಂಡತಿ ದೋಸೆ ಹುಯ್ಯುತ್ತಿದ್ದಾಗ ದ್ವೀಪದಿಂದ ವಿಡಿಯೊ ಕರೆ ಬಂತು. ಮುಖ್ಯ ನರ್ಸ್ ಮಾತಾಡದೆ ಫೋನನ್ನು ತಿರುಗಿಸಿದರು. ಅಪ್ಪ ತನ್ನ ಮನೆಯ ಜಗಲಿಯಲ್ಲಿ ಅಂಗಾತ ಮಲಗಿದ್ದ, ಎದೆಯ ಮೇಲೆ ದುಂಡು ದುಂಡಾದ ಮಗು ಬಾಯಿ ತೆರೆದು ನಿದ್ದೆ ಹೋಗಿತ್ತು. ಇನ್ನು ಕಟ್ಟಿಕೊಳ್ಳುವ ಅಗತ್ಯವೇನೂ ಇರಲಿಲ್ಲ. ನಾನು ಏನೋ ಹೇಳಲು ಹೋದೆ, ಅವನು ತುಟಿಯ ಮೇಲೆ ಬೆರಳಿಟ್ಟ.

ನನ್ನ ಮಗಳು ತಟ್ಟೆ ಹಿಡಿದು ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. ಅವಳಿಗೆ ಒಂಬತ್ತು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಸ್ವೀಡಿಷ್‌ನಲ್ಲಿ ಉತ್ತರಿಸುತ್ತಾಳೆ. ಮಗು ಮಲಗಿದೆಯೆಂದು ಪಿಸುದನಿಯಲ್ಲೇ, ನಾನೂ ಹೀಗೆ ನಿನ್ನ ಮೇಲೆ ಮಲಗುತ್ತಿದ್ದೆನಾ ಎಂದು ಕೇಳಿದಳು.

ದೋಸೆಯ ಕಾವಲಿಯ ಸದ್ದು ನಿಂತಿತು. ಹೆಂಡತಿ ಒಲೆ ಆರಿಸಿದ್ದಳು.

"ಇಲ್ಲ ಪುಟ್ಟಾ," ಎಂದೆ. "ನೀನು ಎಷ್ಟು ಗ್ರಾಂ ಇದ್ದೆ, ನಿನ್ನ ಮೈ ಎಷ್ಟು ಬೆಚ್ಚಗಿತ್ತು, ಎಲ್ಲ ಗೊತ್ತು ನಂಗೆ. ಮೆಷಿನ್ ನೋಡಿ ಗೊತ್ತು. ನಾನು ಎತ್ಕೊಳ್ಲಿಲ್ಲ. ನಾಚ್ಕೊಂಡೆ, ಹೆದ್ರಿಕೊಂಡೆ. ಎಲ್ಲರ ಹತ್ರ ಸುಳ್ಳು ಹೇಳ್ದೆ."

ಅವಳು ಪರದೆಯ ಮೇಲಿನ ಆ ಇಬ್ಬರನ್ನು ಸ್ವಲ್ಪ ಹೊತ್ತು ನೋಡಿದಳು. ತಟ್ಟೆಯನ್ನು ಮೇಜಿನ ಮೇಲಿಟ್ಟಳು. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಉದ್ದುದ್ದ ಕಾಲುಗಳನ್ನು ಹೇಗೋ ಮಡಚಿ ತೊಡೆಯ ಮೇಲೆ ಹತ್ತಿ ಕೂತು, ತಲೆಯನ್ನು ನನ್ನ ಎದೆಗೆ ಒರಗಿಸಿದಳು. ಇಪ್ಪತ್ತೆಂಟು ಕೆಜಿ. ಕಾಲು ಜೋಮು ಹಿಡಿಯಿತು. ನಾನು ಅಲುಗಲಿಲ್ಲ.